ಸಭೆಯೂ ಕಾರ್ಖಾನೆಯೂ: ಕರಾವಳಿ ಕ್ರೈಸ್ತರ ಬದುಕಲ್ಲಿ ಬಂಡವಾಳದ ಕೈ

ಮಂಗಳೂರು ಕಡೆ ಹಳೇ ಮನೆ ಕೆಡವುವಾಗ ಇಳಿಸಿಟ್ಟ ಹಂಚುಗಳನ್ನು ತಿರುಗಿಸಿ ನೋಡಿ. ಕೆಲವದರ ಮೇಲೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್, ಮಂಗಳೂರು, 1865’ ಅನ್ನುವ ಇಂಗ್ಲಿಷ್ ಅಚ್ಚು ಸಿಗುತ್ತದೆ. ಸುವಾರ್ತೆ ಸಾರಲು ಬಂದ ಪಾದ್ರಿಗಳಿಗೆ ಹಂಚಿನ ವ್ಯಾಪಾರ ಯಾಕೆ ಬೇಕಿತ್ತು? ಈ ಪ್ರಶ್ನೆ ಹಿಡಿದು ಹೋದರೆ ಒಂದು ದೊಡ್ಡ ವಿಷಯ ಸುಲಭವಾಗಿ ಅರ್ಥವಾಗುತ್ತದೆ. ಯಾರು ಯಾರ ಆರೈಕೆ ಮಾಡಬೇಕು, ಯಾರು ಯಾರಿಗೆ ನೆರೆಯವರು, ಸಭೆ, ಅಂದರೆ ಕ್ರೈಸ್ತ ವಿಶ್ವಾಸಿಗಳ ಕೂಟ, ಯಾರದು? ಇವೆಲ್ಲ ಬರೀ ಬೈಬಲ್ ಓದಿ ತೀರ್ಮಾನವಾಗುವ ಮಾತುಗಳಲ್ಲ. ಹೊಟ್ಟೆಪಾಡು ಎಲ್ಲಿಂದ ನಡೆಯುತ್ತದೆ ಅನ್ನುವುದೂ ಅವನ್ನು ತೀರ್ಮಾನಿಸುತ್ತದೆ.

ಮೊದಲು ಬಂಡವಾಳಶಾಹಿ ಅಂದರೆ ಏನು ಅಂತ ಸ್ವಲ್ಪ ನೋಡೋಣ. ಕೊಡು-ಕೊಳ್ಳುವ ವ್ಯಾಪಾರ ಅದಕ್ಕಿಂತ ಎಷ್ಟೋ ಹಳೆಯದು. ಸಂತೆಯಲ್ಲಿ ಮೀನು ಮಾರುವುದು ಬಂಡವಾಳಶಾಹಿ ಆಗುವುದಿಲ್ಲ. ಬಹುಪಾಲು ಜನರ ಕೈಯಲ್ಲಿ ಮಾರಲು ತಮ್ಮ ದುಡಿಮೆ ಬಿಟ್ಟು ಬೇರೇನೂ ಇಲ್ಲ. ಭೂಮಿ, ಯಂತ್ರ, ಹಣ ಇರುವವರು ಆ ದುಡಿಮೆಯನ್ನು ಕೂಲಿಗೆ ಕೊಂಡು, ಬಂದ ಲಾಭವನ್ನು ಮತ್ತೆ ಹೂಡಿ ಬೆಳೆಸುತ್ತಾರೆ. ಇಂಥ ಏರ್ಪಾಟು ಬಂದಾಗ ಅದನ್ನು ಬಂಡವಾಳಶಾಹಿ ಅನ್ನುತ್ತಾರೆ. ಹಿಂದೆ ಬೆಲೆ ಕಟ್ಟದೆ ನಡೆಯುತ್ತಿದ್ದ ಕೆಲಸಗಳಿಗೂ ಆಗ ಒಂದೊಂದಾಗಿ ಬೆಲೆ ಬೀಳುತ್ತದೆ. ಕೆಲವು ಮಾತ್ರ ಬೆಲೆಯೇ ಇಲ್ಲದೆ ಉಳಿಯುತ್ತವೆ. ಅಡುಗೆ, ಬಾಣಂತನ, ಮುದುಕರನ್ನು ಮೀಯಿಸುವುದು, ಮಕ್ಕಳನ್ನು ದುಡಿಮೆಗೆ ತಯಾರು ಮಾಡುವುದು. ಇದನ್ನೆಲ್ಲ ಮಾಡುವವರು ಹೆಚ್ಚಾಗಿ ಹೆಂಗಸರು. ಇದಿಲ್ಲದಿದ್ದರೆ ಮರುದಿನ ಕಾರ್ಖಾನೆಗೆ ಆಳೇ ಬರುವುದಿಲ್ಲ. ಆದರೆ ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ಇದರ ಖರ್ಚು ಕಾಣುವುದಿಲ್ಲ.

ಈಗ 1834ಕ್ಕೆ ಹೋಗೋಣ. ಆ ವರ್ಷ ಸ್ಯಾಮುವೆಲ್ ಹೆಬಿಕ್, ಲೆಹ್ನರ್, ಗ್ರೈನರ್ ಅನ್ನುವ ಮೂವರು ಬಾಸೆಲ್ ಮಿಷನ್ ಪಾದ್ರಿಗಳು ಮಂಗಳೂರಿಗೆ ಬಂದರು. ಈ ಪ್ರಾಟೆಸ್ಟೆಂಟ್ ಮಿಷನ್ ಹುಟ್ಟಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. ಅದರಲ್ಲಿದ್ದ ಅನೇಕರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ರೈತರ, ಕಸುಬುದಾರರ ಮಕ್ಕಳು. ಪ್ರಾರ್ಥನೆಗೆ ಎಷ್ಟು ಮರ್ಯಾದೆಯೋ ಮೈಮುರಿದು ದುಡಿಯುವುದಕ್ಕೂ ಅಷ್ಟೇ ಮರ್ಯಾದೆ ಕೊಡುವ ಭಕ್ತಿ ಅವರದು.

ದಕ್ಷಿಣ ಕನ್ನಡದಲ್ಲಿ ಅವರ ಮಾತು ಕೇಳಿ ಸಭೆ ಸೇರಿದವರಲ್ಲಿ ಬಿಲ್ಲವರು ಜಾಸ್ತಿ. ಅವರಲ್ಲಿ ಅನೇಕರ ಕಸುಬು ಕಳ್ಳು ಇಳಿಸುವುದು. ಮಿಷನ್‌ಗೆ ಕುಡಿತ ಕಂಡರೆ ಆಗದು. ದೀಕ್ಷಾಸ್ನಾನ ಆದಮೇಲೆ ಕಳ್ಳಿನ ಮರ ಹತ್ತುವ ಹಾಗಿಲ್ಲ. ಇನ್ನು ಗದ್ದೆ? ಚಾಲಗೇಣಿ ಒಕ್ಕಲಾಗಿದ್ದರೆ ಧಣಿ ಮನಸ್ಸು ಮಾಡಿದಾಗ ಬಿಡಿಸಬಹುದಿತ್ತು. ಆಸ್ತಿ ತಾಯಿಯ ಕಡೆಯಿಂದ ಇಳಿಯುವ ಅಳಿಯಸಂತಾನದ ಕುಟುಂಬದಲ್ಲಿ ಸೇರಿದ್ದ ಪಾಲು, ದೈವದ ಕೋಲದಲ್ಲಿ ಮನೆತನಕ್ಕಿದ್ದ ಜಾಗ, ಹೆರಿಗೆಗೆ ಸಾವಿಗೆ ಬರುವ ನೆಂಟರು, ಎಲ್ಲ ಒಂದೇ ಹಗ್ಗದಲ್ಲಿ ಹೆಣೆದುಕೊಂಡಿದ್ದವು. ಒಂದು ಎಳೆ ಬಿಚ್ಚಿದರೆ ಉಳಿದವೂ ಬಿಚ್ಚಿಕೊಳ್ಳುತ್ತಿದ್ದವು. ಮತಾಂತರದ ಚರ್ಚೆ ಮಾಡುವವರು ನಂಬಿಕೆಯ ಬಗ್ಗೆ ತುಂಬಾ ಮಾತಾಡುತ್ತಾರೆ. ಮರುದಿನ ಬೆಳಿಗ್ಗೆ ಆ ಮನೆಯ ಒಲೆ ಹೇಗೆ ಉರಿಯಿತು ಅಂತ ಕೇಳುವವರು ಕಡಿಮೆ.

ಆ ಒಲೆಯ ಜವಾಬ್ದಾರಿ ಮಿಷನ್ ತಲೆಗೆ ಬಂತು. ಬೇಸಾಯ ಮಾಡಿಸಿ ನೋಡಿದರು, ಅಷ್ಟಾಗಿ ಕೈಹತ್ತಲಿಲ್ಲ. 1841ರಲ್ಲಿ ಕಲ್ಲಚ್ಚಿನ ಮುದ್ರಣಾಲಯ ಬಂತು. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹೊರಟದ್ದು ಇದೇ ಮಿಷನ್‌ನಿಂದ. ಕಿಟ್ಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದೂ ಇವರ ಪ್ರೆಸ್ಸಿನಲ್ಲೇ. ನಾವು ಸಾಹಿತ್ಯದ ಕಡೆಯಿಂದ ನೆನೆಯುವ ಈ ಪ್ರೆಸ್ಸು ಜಾತಿ ಕಳೆದುಕೊಂಡು ಬಂದ ಕುಟುಂಬಗಳಿಗೆ ಸಂಬಳದ ಕೆಲಸವೂ ಆಗಿತ್ತು. 1851ರಲ್ಲಿ ಹ್ಯಾಲರ್ ಅನ್ನುವ ನೇಯ್ಗೆ ಬಲ್ಲವನು ಬಂದ. ಬಲ್ಮಠದಲ್ಲಿ ಯೂರೋಪಿನ ಮಗ್ಗಗಳು ನಿಂತವು. ಖಾಕಿ ಬಣ್ಣ ಹುಟ್ಟಿದ್ದು ಅಲ್ಲೇ ಅಂತ ಮಂಗಳೂರಿಗರು ಹೆಮ್ಮೆಯಿಂದ ಹೇಳುತ್ತಾರೆ. ಅದಕ್ಕೆ ಬೇರೆ ಕಡೆಯವರ ತಕರಾರೂ ಇದೆ, ಇರಲಿ. 1865ರಲ್ಲಿ ಮಿಷನ್‌ನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆಗೆದ. ನದಿ ದಂಡೆಯ ಆವೆಮಣ್ಣು, ಘಟ್ಟದ ಸೌದೆ, ಪಕ್ಕದಲ್ಲೇ ಬಂದರು. ವರ್ಷ ವರ್ಷ ಮುಳಿಹುಲ್ಲು ಹೊದಿಸಿ ಸಾಕಾಗಿದ್ದ, ಬೆಂಕಿಗೆ ಹೆದರುತ್ತಿದ್ದ ಊರಿಗೆ ಕೆಂಪು ಹಂಚು ಬೇಕಾಗಿತ್ತು. ಮುಂದೆ ಕುದ್ರೋಳಿ, ಮಲ್ಪೆಯಿಂದ ಹಿಡಿದು ಮಲಬಾರಿನವರೆಗೆ ಮಿಷನ್‌ನ ಹಂಚಿನ ಕಾರ್ಖಾನೆಗಳು ಎದ್ದವು.

ಅಷ್ಟರಲ್ಲಿ, 1859ರಲ್ಲೇ, ಬಾಸೆಲ್‌ನಲ್ಲಿ ಮಿಷನ್ ಟ್ರೇಡಿಂಗ್ ಕಂಪನಿ ಹುಟ್ಟಿತ್ತು. ಷೇರು ಬಂಡವಾಳದ ಕಂಪನಿ. ಭಾರತದಲ್ಲಿ ಮಾತ್ರ ಅಲ್ಲ, ಈಗ ಘಾನಾ ಅನ್ನುವ ಗೋಲ್ಡ್ ಕೋಸ್ಟ್‌ನಲ್ಲೂ ವ್ಯಾಪಾರ ನಡೆಸಿತು. ಭಕ್ತರೇ ಷೇರುದಾರರು. ಲಾಭದಲ್ಲಿ ಮಿಷನ್ ಕೆಲಸಕ್ಕೂ ಪಾಲು.

ಕಾರ್ಖಾನೆಯೊಳಗಿನ ದಿನ ಹೇಗಿತ್ತು? ಕೆಲಸಕ್ಕೆ ಮೊದಲು ಪ್ರಾರ್ಥನೆ. ಗಂಟೆ ಹೊಡೆದರೆ ಶುರು, ಗಂಟೆ ಹೊಡೆದರೆ ಬಿಡುವು. ಭಾನುವಾರ ರಜೆ. ಹೊತ್ತು ಮೂಡುವುದು, ಮಳೆ ಬರುವುದು, ಕೊಯ್ಲಿನ ಕಾಲ ನೋಡಿ ದಿನ ಕಳೆಯುತ್ತಿದ್ದ ಜನಕ್ಕೆ ಗಡಿಯಾರದ ಬದುಕು ಹೊಸದು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಮಣ್ಣು ತುಳಿದರು, ಒಂದೇ ಆವೆಗೆ ಹಂಚು ಹೊತ್ತರು. ಕ್ರೈಸ್ತರಲ್ಲದವರೂ ದುಡಿದರು. ತಲೆಯ ಮೇಲೆ ಹಂಚು ಹೊರುತ್ತಿದ್ದವರಲ್ಲಿ ಹೆಂಗಸರು ಎಷ್ಟೋ ಮಂದಿ. ಕೈಗೆ ಬಂದ ನಗದು ಕೂಲಿ ಅವರನ್ನು ಧಣಿಯ ಅಂಗಳದಿಂದ ಬಿಡಿಸಿತು. ಇದು ಸಣ್ಣ ಬಿಡುಗಡೆ ಏನಲ್ಲ. ಬಂಡವಾಳಶಾಹಿಯನ್ನು ಬರೀ ರಾಕ್ಷಸ ಅಂತ ಬಣ್ಣಿಸುವವರು ಇದನ್ನು ಮರೆಯಬಾರದು.

ಆದರೆ ಇದರಲ್ಲಿ ಒಂದು ತೊಡಕು ಇತ್ತು. ಉಪದೇಶ ಮಾಡುವವರು, ಮದುವೆ ಮಾಡಿಸುವವರು, ಶಾಲೆ ನಡೆಸುವವರು, ಕೆಲಸ ಕೊಡುವವರು ಎಲ್ಲರೂ ಒಂದೇ ಮಿಷನ್‌ನವರು. ಸಭೆಯ ಶಿಸ್ತು ಮುರಿದವನನ್ನು ಕರ್ತನ ಭೋಜನದಿಂದ ದೂರ ಇಡುವುದು ಎಲ್ಲ ಸಭೆಗಳಲ್ಲೂ ಇದ್ದದ್ದೇ. ಕೂಲಿಯೂ ಅದೇ ಕೈಯಿಂದ ಬರುವಾಗ ಆ ಶಿಸ್ತಿನ ತೂಕ ಬೇರೆ. ಪಾದ್ರಿಯ ಎದುರು ಒಬ್ಬ ಮೇಸ್ತ್ರಿ ‘ಕೂಲಿ ಸಾಲದು’ ಅಂದರೆ ಅದು ಕೂಲಿಯ ಮಾತೋ, ಕೃತಘ್ನತೆಯೋ? ಜಗಳ ಆಡಲು ಜಾಗವೇ ಇಲ್ಲದ ಸಂಬಂಧ ಅದು. ಆರೈಕೆ ಇತ್ತು, ನಿಜ. ಅದು ಮೇಲಿನಿಂದ ಕೆಳಕ್ಕೆ ಹರಿಯುವ ಆರೈಕೆ. ಮಿಷನ್‌ನವರಿಗೂ ಇದು ಗೊತ್ತಿತ್ತು. ಜನ ಯೇಸುವಿಗಾಗಿ ಬರುತ್ತಾರೋ ಕೆಲಸಕ್ಕಾಗಿ ಬರುತ್ತಾರೋ ಅನ್ನುವ ಚಿಂತೆ, ಪಾದ್ರಿಗಳು ವ್ಯಾಪಾರ ಮಾಡಬಹುದೇ ಅನ್ನುವ ವಾದ ಅವರೊಳಗೇ ನಡೆದವು.

ಜರ್ಮನಿಯ ಮ್ಯಾಕ್ಸ್ ವೇಬರ್ 1904-05ರಲ್ಲಿ ಒಂದು ಹೆಸರಾದ ವಾದ ಮುಂದಿಟ್ಟ. ಪ್ರಾಟೆಸ್ಟೆಂಟರ ಕಟ್ಟುನಿಟ್ಟಿನ ದುಡಿಮೆ, ಮಿತವ್ಯಯ, ಲೆಕ್ಕಾಚಾರದ ಬಾಳು ಯೂರೋಪಿನ ಬಂಡವಾಳಶಾಹಿಗೆ ದಾರಿ ಮಾಡಿಕೊಟ್ಟಿತು ಅಂತ. ಅಲ್ಲಿ ಅದು ಎಷ್ಟು ನಿಜವೋ ಪಂಡಿತರು ಇವತ್ತಿಗೂ ಜಗಳಾಡುತ್ತಾರೆ. ಮಂಗಳೂರಿನಲ್ಲಂತೂ ಭಕ್ತಿಯೂ ಕಾರ್ಖಾನೆಯೂ ಒಂದೇ ಹಡಗಿನಲ್ಲಿ ಬಂದವು. ಯಾವುದು ಯಾವುದನ್ನು ಹುಟ್ಟಿಸಿತು ಅಂತ ಬಿಡಿಸಿ ಹೇಳುವುದು ಕಷ್ಟ.

1914ರಲ್ಲಿ ಯುದ್ಧ ಬಂತು. ಜರ್ಮನ್ ಪಾದ್ರಿಗಳು ಬ್ರಿಟಿಷರಿಗೆ ಶತ್ರುಗಳಾದರು. ಹಲವರನ್ನು ಕೂಡಿಹಾಕಿದರು, ಆಮೇಲೆ ಊರಿಗೆ ಕಳಿಸಿದರು. ಕಾರ್ಖಾನೆಗಳು ಕೈತಪ್ಪಿ, ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಬ್ರಿಟಿಷ್ ಕಂಪನಿಯ ಪಾಲಾದವು. ಅಲ್ಲಿಗೆ ಸಭೆ ಬೇರೆ, ಕಂಪನಿ ಬೇರೆ. ಕಂಪನಿಗೆ ಕೆಲಸಗಾರ ಬೇಕು, ಅವನ ಅಜ್ಜಿ ಬೇಡ. ಸಭೆಗೆ ಅಜ್ಜಿಯೂ ಬೇಕು, ಆದರೆ ಕೊಡಲು ಕೆಲಸ ಇಲ್ಲ. ನಡುವೆ ಬಿದ್ದ ಭಾರ ಹೊತ್ತವರು ಮನೆಯ ಹೆಂಗಸರು.

ಕೊಂಕಣಿ ಕಥೊಲಿಕರದ್ದು ಬೇರೆ ಇತಿಹಾಸ. ಗೋವೆಯಿಂದ ಬಂದು ಗದ್ದೆ ಮಾಡಿದವರು, ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆ ಕಂಡವರು, 1799ರ ನಂತರ ಮರಳಿ ಭೂಮಿ ಹಿಡಿದವರು. ಬಾಸೆಲ್ ಮಿಷನ್ ಹಂಚು ಶುರು ಮಾಡಿದ ಮೂರೇ ವರ್ಷಕ್ಕೆ, 1868ರಲ್ಲಿ, ಆಲ್ಬುಕರ್ಕ್ ಕುಟುಂಬ ಪಾಣೆಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆಗೆಯಿತು. ಇಲ್ಲಿ ಮಾಲೀಕನೂ ಕೆಲಸಗಾರನೂ ಒಂದೇ ಚರ್ಚ್‌ನಲ್ಲಿ ಮೊಣಕಾಲೂರಬಹುದಿತ್ತು. 1912ರಲ್ಲಿ ಮಂಗಳೂರು ಕಥೊಲಿಕ್ ಕೋ-ಆಪರೇಟಿವ್ ಬ್ಯಾಂಕ್ ಬಂತು. ನನಗೆ ಇದು ಹಂಚಿಗಿಂತ ಮುಖ್ಯ ಅನಿಸುತ್ತದೆ. ಸಹಕಾರಿಯಲ್ಲಿ ಸಾಲ ತೆಗೆಯುವವನು ಸದಸ್ಯನೂ ಹೌದು. ಕೈಚಾಚಿ ನಿಲ್ಲಬೇಕಿಲ್ಲ.

1880ರಲ್ಲಿ ಜರ್ಮನ್ ಜೆಸುಯಿಟ್ ಗುರು ಅಗಸ್ಟಸ್ ಮುಲ್ಲರ್ ಮಂಗಳೂರಿನ ಕಂಕನಾಡಿಯಲ್ಲಿ ಹೋಮಿಯೋಪಥಿ ಔಷಧ ಕೊಡಲು ಶುರು ಮಾಡಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಮಾಡಿದರು. ಬಡವರಿಗೆ ಮದ್ದು ಕೊಡಲು ಹಣ ಬೇಕಲ್ಲ. ಹೋಮಿಯೋಪಥಿ ಔಷಧ ತಯಾರಿಸಿ ದೂರದೂರದ ಊರುಗಳಿಗೆ ಮಾರಿದರು. ಮಾರಾಟದ ಲಾಭ ಆಸ್ಪತ್ರೆ ನಡೆಸಿತು. ಮಾರುಕಟ್ಟೆಯನ್ನು ಆರೈಕೆಗೆ ದುಡಿಸಿಕೊಂಡ ಜಾಣತನ ಇದು.

ಇಂಥ ಧರ್ಮದ ಆಸ್ಪತ್ರೆಗಳು ಅಗ್ಗವಾಗಿದ್ದದ್ದರ ಹಿಂದೆ ಇನ್ನೊಂದು ಗುಟ್ಟಿದೆ. ರಾತ್ರಿ ಪಾಳಿ ಮಾಡಿದ ಕನ್ಯಾಸ್ತ್ರೀಯರು ಸಂಬಳ ಮನೆಗೆ ಒಯ್ಯುತ್ತಿರಲಿಲ್ಲ. ಬಡತನದ ವ್ರತ ತೊಟ್ಟವರ ದುಡಿಮೆಯ ಮೇಲೆ ನಿಂತ ಕಟ್ಟಡ ಅದು. ಈಗ ಕಾನ್ವೆಂಟ್ ಸೇರುವ ಹುಡುಗಿಯರು ಕಮ್ಮಿ. ಅವರ ಜಾಗಕ್ಕೆ ಬಂದ ನರ್ಸ್‌ಗಳು ಬ್ಯಾಂಕ್ ಸಾಲ ಮಾಡಿ ಓದಿದವರು, ತಿಂಗಳ ಕಂತು ಕಟ್ಟಬೇಕು. ಅವರಿಗೂ ‘ಸೇವೆ ಅಂದುಕೊಂಡು ಮಾಡಿ’ ಅಂತ ಹೇಳಿದರೆ ನಡೆಯುತ್ತಾ? ಪಕ್ಕದ ಕೇರಳದಲ್ಲಿ 2011-12ರಲ್ಲಿ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಮುಷ್ಕರ ಹೂಡಿದಾಗ ಕ್ರೈಸ್ತ ಆಡಳಿತದ ಆಸ್ಪತ್ರೆಗಳೂ ಅದರಲ್ಲಿ ಸಿಕ್ಕಿಕೊಂಡವು. 1891ರಲ್ಲೇ ಪೋಪ್ ಹದಿಮೂರನೇ ಲಿಯೋ ಕಾರ್ಮಿಕನಿಗೆ ನ್ಯಾಯವಾದ ಕೂಲಿ ಸಿಗಬೇಕು, ಸಂಘ ಕಟ್ಟುವ ಹಕ್ಕು ಅವನಿಗಿದೆ ಅಂತ ಬರೆದಿದ್ದರು. ಆ ಪತ್ರವನ್ನು ಧರ್ಮಸಭೆ ಬೇರೆಯವರ ಕಾರ್ಖಾನೆಯತ್ತ ಬೆರಳು ತೋರಿಸಿ ಓದುವುದು ಜಾಸ್ತಿ.

1970ರ ದಶಕದಲ್ಲಿ ಕರಾವಳಿಯಲ್ಲಿ ಎರಡು ದೊಡ್ಡ ಬದಲಾವಣೆ ಒಟ್ಟಿಗೆ ಬಂದವು. 1974ರ ಭೂಸುಧಾರಣೆ ತಿದ್ದುಪಡಿ ಗೇಣಿ ಗದ್ದೆಯನ್ನು ಒಕ್ಕಲಿಗೆ ಕೊಟ್ಟಿತು. ಕೊಲ್ಲಿ ದೇಶಗಳ ಎಣ್ಣೆ ಹಣ ಹುಡುಗರನ್ನು ಕರೆಯಿತು. ಅದಕ್ಕೆ ಮುಂಚೆ ಬೊಂಬಾಯಿಗೆ ಹೋಗುತ್ತಿದ್ದವರು ಈಗ ಕುವೈತ್, ದುಬೈ, ಬಹರೈನ್ ಅಂದರು. ಗದ್ದೆ ಮಾಡುವವರಿಲ್ಲದೆ ತೋಟವಾಯಿತು, ತೋಟ ಸೈಟಾಯಿತು.

ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ನೋಡಿ ಸಾಕು. ಮರಿಯಮ್ಮನವರ ಹುಟ್ಟುಹಬ್ಬ, ಜೊತೆಗೆ ಹೊಸತು ಉಣ್ಣುವ ಹಬ್ಬ. ಮಕ್ಕಳು ಹೂ ಅರ್ಪಿಸುತ್ತಾರೆ, ಚರ್ಚ್‌ನಲ್ಲಿ ತೆನೆ ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ, ಮನೆಯಲ್ಲಿ ಹೊಸ ಅಕ್ಕಿ ಹಾಲಿಗೆ ಬೆರೆಸಿ ಕುಡಿದು, ಸಸ್ಯಾಹಾರದ ಊಟ. ಹಿಂದೆ ತೆನೆ ಬರುತ್ತಿದ್ದದ್ದು ಊರಿನ ಗದ್ದೆಯಿಂದ. ಈಗ ಪೇಟೆಯ ಎಷ್ಟೋ ಚರ್ಚ್‌ಗಳು ಇನ್ನೂ ಗದ್ದೆ ಉಳಿಸಿಕೊಂಡವರನ್ನು ಹುಡುಕಿ ತೆನೆ ತರಿಸುತ್ತವೆ. ಹಬ್ಬದಲ್ಲಿ ಹಂಚುವ ಕಬ್ಬಿಗೆ ದಾನಿಗಳು, ದಾನಿಗಳ ಹೆಸರು ಮೈಕಿನಲ್ಲಿ. ಹಬ್ಬ ಸತ್ತಿಲ್ಲ, ಗಮ್ಮತ್ತಾಗಿಯೇ ನಡೆಯುತ್ತದೆ. ಆದರೆ ಬೆಳೆದವನ ಹೆಸರಿದ್ದ ಕಡೆ ಈಗ ಕೊಟ್ಟವನ ಹೆಸರಿದೆ.

ಪ್ರಾಟೆಸ್ಟೆಂಟ್ ಸಭೆಗಳ ಬೆಳೆ ಹಬ್ಬದಲ್ಲಿ ಇನ್ನೂ ಮಜವಾದ ಒಂದು ದೃಶ್ಯ ಇದೆ, ಏಲಂ. ಆರಾಧನೆ ಮುಗಿದ ಮೇಲೆ ಸಭೆಯವರು ತಂದ ತೆಂಗಿನಕಾಯಿ, ಪಪ್ಪಾಯಿ, ಬಾಳೆಗೊನೆ, ಮನೆಯಲ್ಲೇ ಮಾಡಿದ ಕೇಕು, ಕಾಲು ಕಟ್ಟಿದ ಊರ ಕೋಳಿ ಎಲ್ಲ ಹೊರಗೆ ಬರುತ್ತವೆ. ಕೂಗುವವನು ಮಾತಿನ ಮಲ್ಲ. ಅಂಗಡಿಯಲ್ಲಿ ಐವತ್ತು ರೂಪಾಯಿಗೆ ಸಿಗುವ ಹಣ್ಣು ಇಲ್ಲಿ ಐನೂರಕ್ಕೆ ಹೋಗುತ್ತದೆ. ಕೊಂಡವನು ಕೆಲವೊಮ್ಮೆ ‘ಮತ್ತೊಮ್ಮೆ ಕೂಗಿ’ ಅಂತ ವಾಪಸು ಕೊಡುತ್ತಾನೆ. ಅರ್ಥಶಾಸ್ತ್ರದ ಪುಸ್ತಕ ಓದಿದವರಿಗೆ ಇದು ಹುಚ್ಚು ಸಂತೆ. ಇಲ್ಲಿ ಹೆಚ್ಚು ಕೊಟ್ಟವನಿಗೆ ನಷ್ಟ ಅನಿಸುವುದಿಲ್ಲ. ಮಾರುಕಟ್ಟೆಯ ವೇಷ ಹಾಕಿಕೊಂಡು ಮಾರುಕಟ್ಟೆಯನ್ನೇ ಗೇಲಿ ಮಾಡುವ ಹಾಗಿರುತ್ತದೆ.

ಪೂರ್ತಿ ಹಾಗೂ ಅಲ್ಲ. ಒಂದು ಮೂಲೆಯಲ್ಲಿ ನಿಂತು ನೋಡಿ. ಕೊಲ್ಲಿಯಿಂದ ರಜೆಗೆ ಬಂದವರು, ಗುತ್ತಿಗೆದಾರರು ಮುಂದೆ ನಿಂತು ಕೂಗುತ್ತಾರೆ. ಪಪ್ಪಾಯಿ ಬೆಳೆದು ತಂದ ವಿಧವೆ ಹಿಂದೆ ನಿಂತಿರುತ್ತಾಳೆ. ಅವಳು ತಂದದ್ದಕ್ಕೆ ಚಪ್ಪಾಳೆ ಬೀಳುವುದು ಇನ್ನೊಬ್ಬ ಅದಕ್ಕೆ ಬೆಲೆ ಕೂಗಿದಾಗ.

ಸಮೃದ್ಧಿಯ ಸುವಾರ್ತೆ ಸಾರುವ ಹೊಸ ಸಭೆಗಳ ಬಗ್ಗೆ ಎರಡೇ ಮಾತು. ಅಲ್ಲಿ ಕಾಣಿಕೆ ಬಿತ್ತನೆ, ದೇವರು ನೂರ್ಮಡಿ ಫಸಲು ಕೊಡುವವನು. ಫಸಲು ಬರದಿದ್ದರೆ ತಪ್ಪು ನಿಮ್ಮ ನಂಬಿಕೆಯದು. ಸಾಲದಲ್ಲಿ ಮುಳುಗಿದವನಿಗೆ ನೆರೆಯವನ ಕೈ ಬೇಕಾದಾಗ ಹೂಡಿಕೆಯ ಸಲಹೆ ಕೊಟ್ಟಂತಾಯಿತು. ಆದರೂ ಅಂಥ ಸಭೆಗಳಿಗೆ ಜನ ಹೋಗುವುದು ಸುಮ್ನೆ ಅಲ್ಲ. ಊರು ಬಿಟ್ಟು ನಗರಕ್ಕೆ ಬಂದವರ ಹೆಸರು ಹಿಡಿದು ಕರೆಯುವವರು, ಕಾಯಿಲೆ ಬಿದ್ದರೆ ರೂಮಿಗೆ ಗಂಜಿ ತರುವವರು ಅಲ್ಲಿ ಸಿಗುತ್ತಾರೆ. ಹಳೆಯ ಚರ್ಚ್‌ಗಳು ಇದನ್ನು ಗಮನಿಸಬೇಕು.

ಆರೈಕೆಗೆ ಬೆಲೆ ಬಿದ್ದದ್ದು ಅತಿ ಸ್ಪಷ್ಟವಾಗಿ ಕಾಣುವುದು ಸಾವಿನ ಮನೆಯಲ್ಲಿ, ಮುಪ್ಪಿನ ಕೋಣೆಯಲ್ಲಿ. ಕಥೊಲಿಕ ಚರ್ಚ್‌ಗಳಲ್ಲಿ ಕೆಲವು ಮನೆಗಳ ಗುಂಪಿಗೆ ವಾಡೆ ಅನ್ನುತ್ತಾರೆ, ವಾಡೆಗೊಬ್ಬ ಗುರ್ಕಾರ, ಅಂದರೆ ಮುಖಂಡ, ಇರುತ್ತಾರೆ. ಯಾರಾದರೂ ತೀರಿಕೊಂಡರೆ ಮೊದಲ ಫೋನ್ ಅವರಿಗೆ. ಹಿಂದೆ ವಾಡೆಯವರೇ ಗುಂಡಿ ತೋಡಿ, ಹೆಗಲು ಕೊಟ್ಟು, ಆ ಮನೆಗೆ ಗಂಜಿ-ಚಟ್ನಿ ಕಳಿಸುತ್ತಿದ್ದರು. ಮರುದಿನದೊಳಗೆ ಮಣ್ಣು. ಈಗ ಫ್ರೀಜರ್ ಪೆಟ್ಟಿಗೆ ಬಾಡಿಗೆಗೆ ಬರುತ್ತದೆ, ಯಾಕೆಂದರೆ ಮಗ ಕೆನಡಾದಿಂದ ಬರಬೇಕು. ಅವನ ರಜೆ, ವಿಮಾನದ ಟಿಕೆಟ್ ನೋಡಿ ಮಣ್ಣಿನ ದಿನ ಗೊತ್ತಾಗುತ್ತದೆ. ಬರಲಾಗದವರಿಗೆ ಯೂಟ್ಯೂಬ್ ನೇರಪ್ರಸಾರ. ಇದನ್ನು ಆಡಿಕೊಳ್ಳುವುದು ಸುಲಭ, ಆದರೆ ದೂರ ದೇಶದಲ್ಲಿ ಆ ಮೊಬೈಲ್ ಹಿಡಿದು ಕೂತವರ ಅಳು ಸುಳ್ಳಲ್ಲ. ಮದುವೆಯ ಮುನ್ನಾದಿನದ ರೋಸ್, ಅಂದರೆ ಮದುಮಕ್ಕಳಿಗೆ ಕಾಯಿಹಾಲು ಹಚ್ಚುವ ಶಾಸ್ತ್ರ, ಕೂಡ ಹಾಗೇ. ಕಾಯಿ ತುರಿದು ಹಾಲು ಹಿಂಡಲು ನೆರೆಕರೆಯ ಹೆಂಗಸರು ಬೇಕಿತ್ತು. ಈಗ ಹಾಲ್ ಇದೆ, ಕೇಟರಿಂಗ್ ಇದೆ, ಡಿಜೆ ಇದೆ. ನೆರೆಕರೆಯವರು ಕೈ ತೊಳೆದು ಉಂಡು ಹೋಗುವ ಅತಿಥಿಗಳು.

ಈಗ ಹೋಂ ನರ್ಸ್ ವಿಷಯ. ಕರಾವಳಿಯಲ್ಲಿ ಮುದುಕರಿರುವ ಮನೆಗಳಲ್ಲಿ ಈ ಮಾತು ಕೇಳದ ದಿನವಿಲ್ಲ. ಮಗಳು ಅಯರ್ಲೆಂಡಿನಲ್ಲೋ ಇಸ್ರೇಲಿನಲ್ಲೋ ಪರರ ತಾಯಿಯನ್ನು ನೋಡಿಕೊಂಡು ಸಂಪಾದಿಸುತ್ತಾಳೆ. ಆ ಹಣದಲ್ಲಿ ಒಂದು ಪಾಲು ಏಜೆನ್ಸಿಗೆ ಹೋಗುತ್ತದೆ. ಏಜೆನ್ಸಿ ತನ್ನ ಕಮಿಷನ್ ಇಟ್ಟುಕೊಂಡು ಘಟ್ಟದ ಮೇಲಿನ ಯಾವುದೋ ಬಡ ಊರಿನಿಂದ ಒಬ್ಬ ಹೆಂಗಸನ್ನು ಕಳಿಸುತ್ತದೆ. ಅವಳು ಇಲ್ಲಿಯ ಅಮ್ಮನನ್ನು ಎತ್ತಿ ಕೂರಿಸುತ್ತಾಳೆ, ಡೈಪರ್ ಬದಲಿಸುತ್ತಾಳೆ, ರಾತ್ರಿ ಅದೇ ಕೋಣೆಯ ನೆಲದ ಮೇಲೆ ಚಾಪೆ ಹಾಸುತ್ತಾಳೆ. ಅವಳ ಮಕ್ಕಳನ್ನು ಅವಳ ತಾಯಿಯೋ ಅತ್ತೆಯೋ ನೋಡಿಕೊಳ್ಳಬೇಕು, ಸಂಬಳವಿಲ್ಲದೆ. ಸರಪಳಿ ಕೆಳಗಿಳಿದಂತೆ ದುಡ್ಡು ಕಮ್ಮಿ, ಕೊನೆಯಲ್ಲಿ ಸೊನ್ನೆ. ಈ ಸರಪಳಿಯಲ್ಲಿ ಕೆಟ್ಟವರು ಯಾರೂ ಇರಬೇಕಾಗಿಲ್ಲ. ಮಗಳಿಗೆ ಪ್ರೀತಿಯಿದೆ, ಹೋಂ ನರ್ಸ್‌ಗೂ ಅಮ್ಮನ ಮೇಲೆ ಮಮತೆ ಬೆಳೆದಿರಬಹುದು. ಯಾರು ಯಾರ ಹತ್ತಿರ ಇರಬೇಕು ಅನ್ನುವುದನ್ನು ಮಾತ್ರ ಸಂಬಳದ ವ್ಯತ್ಯಾಸ ಗೊತ್ತುಮಾಡುತ್ತದೆ.

ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಎರಡನೇ, ನಾಲ್ಕನೇ ಅಧ್ಯಾಯದ ಮಾತು ಎಲ್ಲರಿಗೂ ಗೊತ್ತು. ವಿಶ್ವಾಸಿಗಳು ಆಸ್ತಿ ಮಾರಿ ಎಲ್ಲವನ್ನೂ ಹುದುವಾಗಿ ಅನುಭವಿಸಿದರು ಅಂತ. ಪ್ರಸಂಗಗಳಲ್ಲಿ ಅದು ಚೆನ್ನಾಗಿ ಕೇಳಿಸುತ್ತದೆ. ನನಗೆ ಆರನೇ ಅಧ್ಯಾಯದ ಜಗಳ ಇಷ್ಟ. ದಿನದಿನದ ಊಟ ಹಂಚುವಾಗ ಗ್ರೀಕ್ ಮಾತಾಡುವ ಯೆಹೂದ್ಯ ವಿಧವೆಯರನ್ನು ಕೈಬಿಡುತ್ತಿದ್ದಾರೆ ಅಂತ ಗೊಣಗಾಟ ಎದ್ದಿತು. ಅಪೊಸ್ತಲರು ಗೊಣಗಿದವರಿಗೆ ತಾಳ್ಮೆಯ ಉಪದೇಶ ಮಾಡಲಿಲ್ಲ. ಸಭೆಯವರೇ ಏಳು ಮಂದಿಯನ್ನು ಆರಿಸಲಿ ಅಂದು, ಆರಿಸಿದವರನ್ನು ಆ ಕೆಲಸಕ್ಕೆ ನೇಮಿಸಿದರು. ಆ ಏಳೂ ಹೆಸರು ಗ್ರೀಕ್ ಹೆಸರುಗಳು. ಪ್ರೀತಿ ಇದ್ದ ಮಾತ್ರಕ್ಕೆ ಹಂಚಿಕೆ ಸರಿಯಾಗುವುದಿಲ್ಲ, ಯಾರು ತಪ್ಪಿಹೋದರು ಅಂತ ಲೆಕ್ಕ ಇಡುವವರು ಬೇಕು ಅಂತ ಆ ಸಭೆಗೆ ಗೊತ್ತಾಗಿತ್ತು.

ಇವತ್ತಿನ ಲೆಕ್ಕದಲ್ಲಿ ತಪ್ಪಿಹೋಗುವುದು ಆ ಹೋಂ ನರ್ಸ್. ಗುರ್ಕಾರರ ಪಟ್ಟಿಯಲ್ಲಿ ಮನೆಯವರ ಹೆಸರೆಲ್ಲ ಇರುತ್ತದೆ. ಅವಳು ಅಲ್ಲಿ ಎರಡು ವರ್ಷದಿಂದ ಇದ್ದರೂ ಸೇರುವುದಿಲ್ಲ, ಚರ್ಚ್‌ನವಳಲ್ಲವಲ್ಲ. ಕಾಯಿಲೆಯವರಿಗೆ ಪರಮಪ್ರಸಾದ ತರುವ ಗುರುಗಳು ಅವಳನ್ನು ದಾಟಿಯೇ ಮಂಚದ ಹತ್ತಿರ ಹೋಗುತ್ತಾರೆ. ಕರ್ನಾಟಕ ಸರ್ಕಾರ ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ್ದು 2004ರಲ್ಲಿ. ಎಷ್ಟು ಮನೆಯವರು ಅದನ್ನು ಕೇಳಿದ್ದಾರೋ! ವಾರದ ರಜೆಯಂತೂ ದೂರದ ಮಾತು. ‘ಅವಳು ರಜೆ ಹೋದರೆ ಅಮ್ಮನನ್ನು ಯಾರು ನೋಡುತ್ತಾರೆ?’ ಅಂತ ಮನೆಯವರು ಕೇಳುತ್ತಾರೆ. ಕೇಳುವುದರಲ್ಲಿ ತಪ್ಪಿಲ್ಲ, ಆದರೆ ಕೇಳಬೇಕಾದದ್ದು ವಾಡೆಯ ಸಭೆಯಲ್ಲಿ. ಇಪ್ಪತ್ತೈದು ಮನೆಗಳ ವಾಡೆಯಲ್ಲಿ ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ ಹೊತ್ತು ಒಬ್ಬ ಮುದುಕಿಯ ಪಕ್ಕ ಕೂರಲು ಸರದಿ ಹಾಕುವುದಕ್ಕೆ ಬಂಡವಾಳ ಏನೂ ಬೇಡ. ಒಂದು ವಾಟ್ಸಾಪ್ ಗುಂಪು ಹೇಗೂ ಇದೆ. ಅದರಲ್ಲಿ ಈಗ ಬರುವುದು ಗುಡ್ ಮಾರ್ನಿಂಗ್ ಚಿತ್ರಗಳು, ಮರಣದ ಸುದ್ದಿಗಳು, ಮಾರಾಟಕ್ಕಿರುವ ಸೈಟುಗಳ ವಿವರ.